ಮಗಳಿಗೊಂದು ಪತ್ರ: ಹಲಗೆದಾರಿಯಲ್ಲಿ ಹಿಡಿದ ಕೈ

ದಾವಣಗೆರೆ

ಚಿ. ಸೌ. ಪುಟ್ಟಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮುಂದಿನ ತಿಂಗಳು ನೀವು ಮೂವರೂ ಅಮೆರಿಕದ ಆ ಒಕೆಫೆನೊಕಿ ಜೌಗಿನೊಳಗೆ ದೋಣಿಯಲ್ಲಿ ಹೋಗಿ, ನೀರಿನ ನಡುವೆ ಕಟ್ಟಿರುವ ಮರದ ಅಟ್ಟಣೆಯ ಮೇಲೆ ರಾತ್ರಿ ತಂಗಲಿದ್ದೀರೆಂದು ಅಳಿಯಂದಿರು ಭಾನುವಾರ ಫೋನಿನಲ್ಲಿ ತಿಳಿಸಿದರು. ನೀನು ತಿಳಿಸಲಿಲ್ಲ. ಏಕೆಂಬುದು ನನಗೆ ಅರ್ಥವಾಗುತ್ತದೆ. ವೇಕ್ರಾಸ್ ಬಳಿಯ ಆ ಉದ್ಯಾನದಿಂದ ಹಿಂದಿರುಗುವಾಗ ಕಾರಿನಲ್ಲಿ ನಮ್ಮಿಬ್ಬರ ನಡುವೆ ಆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ಆದ್ದರಿಂದ ಈ ಕಾಗದ.

ಆ ಜಾಗ ನನಗೆ ಹಿಡಿಸಲಿಲ್ಲವೆಂದು ನೀನು ತಿಳಿದಿದ್ದರೆ ಅದು ತಪ್ಪು. ಇಡೀ ಸರ್ವಿಸ್ ಭದ್ರಾ ನಾಲೆಯ ಮೇಲೆ ತಿರುಗಿದ ನನಗೆ ಜವುಳು ಎಂದರೆ ಬಸಿಗಾಲುವೆ ತೆಗೆದು ಒಣಗಿಸಬೇಕಾದ ಕೆಟ್ಟ ನೆಲ ಎಂಬ ಒಂದೇ ಅರ್ಥ ಗೊತ್ತಿತ್ತು. 1891ರಲ್ಲಿ ಒಂದು ಕಂಪನಿಯವರೂ ಹಾಗೆಯೇ ಎಣಿಸಿ, ಜೌಗಿನ ಬಹುಭಾಗವನ್ನು ಕೊಂಡು, ನೀರನ್ನು ಬಸಿದು ಬೇಸಾಯಕ್ಕೆ ತರುತ್ತೇವೆಂದು ಸುಮಾರು 12 ಮೈಲಿ ಕಾಲುವೆ ತೋಡಿ ದಿವಾಳಿಯಾದರೆಂದು ನೀನು ಹೇಳಿದಾಗ ನಾನು ನಕ್ಕದ್ದು ನನ್ನ ಕಸುಬನ್ನು ನೆನೆದು. 1937ರಲ್ಲಿ ಅದನ್ನು ವನ್ಯಜೀವಿಧಾಮ ಮಾಡಿದರೆಂಬುದನ್ನೂ, ಆ ನೀರು ಹಾಲು ಹಾಕದ ಚಹಾದಂತಿರುವುದು ಕೊಳಕಿನಿಂದಲ್ಲ, ಕೊಳೆತ ಎಲೆ ತೊಗಟೆಗಳು ಬಿಟ್ಟ ಒಗರಿನಿಂದ ಎಂಬುದನ್ನೂ ನೀನು ಮರಿಗೆ ಕನ್ನಡದಲ್ಲಿಯೇ ವಿವರಿಸಿದೆ. ನನಗೆ ಬಹಳ ಹೆಮ್ಮೆಯಾಯಿತು. ಅದನ್ನು ಅಲ್ಲಿಯೇ ಹೇಳಬೇಕಿತ್ತು.

ಉದ್ಯಾನದಲ್ಲಿ ನೀರಿನ ಮೇಲೆ ಹಾಸಿದ ಆ ಹಲಗೆದಾರಿಯ ಸಂದಿಗಳಲ್ಲಿ ಆ ಕಪ್ಪು ನೀರು ಕಾಣುತ್ತಲೇ ಇತ್ತು. ಮರಿ ಕಟಕಟೆಯ ಕೆಳಪಟ್ಟಿಯ ಮೇಲೆ ಕಾಲಿಟ್ಟು ಬಗ್ಗಿದ. ನಾನು ಮರದ ತುಂಡೆಂದುಕೊಂಡಿದ್ದುದು ಕಣ್ಣು ತೆರೆಯಿತು. ಮುಂದಿನದು ನಿನಗೆ ಗೊತ್ತು.

ಸೂಳೆಕೆರೆಯದೂ ನಿನಗೆ ಗೊತ್ತು, ಆದರೆ ಅರ್ಧ ಮಾತ್ರ. ಆರು ವರ್ಷದವಳು ಮೆಟ್ಟಿಲಿನಿಂದ ಜಾರಿದ್ದು, ನಾನು ಮೇಲೆತ್ತಿ ಕೆನ್ನೆಗೆ ಹೊಡೆದದ್ದು ನಿನ್ನ ನೆನಪಿನಲ್ಲಿದೆ. "ಕೈ ಕೊಸರಿಕೊಂಡು ಓಡಿದಳು" ಎಂದು ನಿನ್ನ ತಾಯಿಗೆ ಅಂದು ಹೇಳಿದೆ. ಇಂದಿನವರೆಗೂ ಆಕೆ ಅದನ್ನೇ ನಂಬಿದ್ದಾಳೆ, ಬಹುಶಃ ನೀನೂ ನಂಬಿದ್ದೀಯೆ. ನೀನು ಕೊಸರಿಕೊಂಡಿರಲಿಲ್ಲ. ತೂಬಿನ ಬಾಯಲ್ಲಿ ಕಸ ಸಿಕ್ಕಿಕೊಂಡಂತೆ ಕಂಡು, ರಜೆಯ ದಿನವೂ ಕೆಲಸದ ಕಣ್ಣು ಬಿಡದ ನಾನು, ಬಗ್ಗಿ ನೋಡಲು ನಿನ್ನ ಕೈ ಬಿಟ್ಟೆ. ಹತ್ತು ಎಣಿಸುವಷ್ಟು ಹೊತ್ತೂ ಆಗಿರಲಾರದು. ತಿರುಗಿದಾಗ ಮೆಟ್ಟಿಲಿನ ಮೇಲೆ ಪಾಚಿಯಲ್ಲಿ ಕಾಲು ಜಾರಿದ ಗೆರೆ ಇತ್ತು, ಕೆಂಪು ರಿಬ್ಬನ್ನು ನೀರಿನ ಮೇಲಿತ್ತು, ನಿನ್ನ ಒಂದು ಚಪ್ಪಲಿ ನಿಧಾನವಾಗಿ ತೂಬಿನ ಕಡೆಗೆ ಹೋಗುತ್ತಿತ್ತು. ನೀರು ಅತ್ತ ಎಳೆಯುತ್ತಿದೆ ಎಂಬುದು ನನಗೆ ಹೊಳೆದದ್ದು ಆ ಚಪ್ಪಲಿಯಿಂದ. ಎಷ್ಟೋ ತೂಬುಗಳನ್ನು ತೆರೆಸಿ ಮುಚ್ಚಿಸಿದವನಿಗೆ! ರಿಬ್ಬನ್ನು ಕೈಗೆ ಸಿಕ್ಕದ್ದರಿಂದ ಜಡೆ ಸಿಕ್ಕಿತು, ಜಡೆಯಿಂದ ನೀನು. ಆ ಚಪ್ಪಲಿ ಇನ್ನೂ ಹೋಗುತ್ತಲೇ ಇದೆ, ಪುಟ್ಟಿ. ಹಲಗೆದಾರಿಯಲ್ಲಿಯೂ ಮೊಸಳೆಗಿಂತ ಮೊದಲು ನಾನು ನೋಡಿದ್ದು ಮರಿಯ ಚಪ್ಪಲಿಯನ್ನು. ನಿನಗೆ ಅಂದು ಬಿದ್ದ ಏಟು ನನಗೆ ಸಲ್ಲಬೇಕಾದದ್ದು. "ನಿನಗೆ ಮಗು ನೋಡಿಕೊಳ್ಳಲು ಬರುವುದಿಲ್ಲ" ಎಂದು ಅಷ್ಟು ಜನರೆದುರು ಅಂದ ಮಾತೂ ಅಂಥದೇ. ಕ್ಷಮಿಸು.

ಉಪದೇಶ ಮಾಡಬಾರದೆಂದುಕೊಂಡೇ ಕುಳಿತಿದ್ದೇನೆ. ಆದರೂ ಲೈಫ್ ಜಾಕೆಟ್ಟನ್ನು ದೋಣಿ ಹತ್ತುವ ಮೊದಲೇ ಹಾಕಬೇಕು, ಸೆಖೆಯೆಂದು ಬಿಚ್ಚಬಾರದು. ಅಟ್ಟಣೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಊಟ ಮಾಡಿ ಉಳಿದದ್ದನ್ನು ನೀರಿಗೆ ಎಸೆಯಬಾರದು. ತಿನ್ನಲು ಕೊಟ್ಟರೆ ಮೊಸಳೆಗೆ ಮನುಷ್ಯರ ಅಂಜಿಕೆ ಹೋಗುತ್ತದೆ. ಕತ್ತಲಾಗುವ ಮೊದಲೇ ಅಟ್ಟಣೆ ಸೇರಬೇಕು. ಹುಲ್ಲು ಬೆಳೆದು ದಿಬ್ಬದಂತೆ ಕಾಣುವ ಕಡೆ ಕಾಲಿಡಬೇಡಿ. ಅದು ಮಣ್ಣಲ್ಲ, ಕೊಳೆತ ಸಸ್ಯಗಳ ಪದರ, ಕೆಲವೆಡೆ 15 ಅಡಿ ದಪ್ಪ; ತುಳಿದರೆ ಅಲುಗುವುದರಿಂದಲೇ ಅಲ್ಲಿನ ಮೂಲನಿವಾಸಿಗಳು ಅದನ್ನು ನಡುಗುವ ನೆಲ ಎಂದು ಕರೆದರೆಂದು ನೀನೇ ಹೇಳಿದ್ದೆ. ಇದೆಲ್ಲ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೂ ಇನ್ನೊಂದು: ಮರಿಯನ್ನು ನೋಡಿಕೊಳ್ಳುವುದು ಯಾರೆಂದು ನೀವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಿ. ಇಬ್ಬರೂ ಮತ್ತೊಬ್ಬರು ನೋಡುತ್ತಿದ್ದಾರೆಂದುಕೊಳ್ಳಬಾರದು.

ಹೋಗಬೇಡ ಎನ್ನುವುದಿಲ್ಲ. ನಿನ್ನ ತಾಯಿಗೆ ಸೂಳೆಕೆರೆಯ ವಿಷಯವನ್ನು ನಾನೇ ಹೇಳುತ್ತೇನೆ, ಈ ವಾರದಲ್ಲಿ. ದೋಣಿ ದಡ ಸೇರಿದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು, ನಾವು ಎದ್ದಿರುತ್ತೇವೆ.

ಮರಿಯ ಮುಂಗೈ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು. ಎಷ್ಟು ದಿನ ಇದ್ದವೆಂದು ನಾನು ಕೇಳಲೇ ಇಲ್ಲ.

ಇತಿ,
ನಿನ್ನ ಅಪ್ಪಾಜಿ