‘ಕಳಿಸಿದ್ದೇವೆ’ ಅನ್ನುವ ಮೊದಲು ಲಾಗ್ ನೋಡಿ

ಮಾನ್ಯರೇ,

ಸಂದರ್ಶನದ ಕರೆ, ಹಾಲ್ ಟಿಕೆಟ್, ಬಿಲ್ಲು, ರಸೀದಿ, ಈಗ ಎಲ್ಲವೂ ಇಮೇಲ್‌ನಲ್ಲೇ ಬರುತ್ತವೆ. ಬರಲಿಲ್ಲ ಅಂತ ಕೇಳಲು ಹೋದರೆ ಸಿಗುವ ಉತ್ತರ ಒಂದೇ: ‘ನಾವು ಕಳಿಸಿದ್ದೇವೆ, ಸ್ಪ್ಯಾಮ್ ನೋಡಿ.’ ಕೊಪ್ಪಳದ ಒಂದು ಸಂಸ್ಥೆಯಿಂದ ನನ್ನ ಅಕ್ಕನ ಮಗಳಿಗೆ ಬರಬೇಕಿದ್ದ ಸಂದರ್ಶನದ ಪತ್ರ ಸ್ಪ್ಯಾಮ್‌ನಲ್ಲೂ ಇರಲಿಲ್ಲ. ಅಲ್ಲಿನವರು ತಮ್ಮ ಸೆಂಟ್ ಫೋಲ್ಡರ್ ತೋರಿಸಿ ಕೈ ತೊಳೆದುಕೊಂಡರು. ಸೆಂಟ್ ಫೋಲ್ಡರ್‌ನಲ್ಲಿ ಇದೆ ಅಂದರೆ ಅವರ ಕಂಪ್ಯೂಟರ್ ಬಿಟ್ಟು ಹೊರಟಿದೆ ಅಂತ, ಅಷ್ಟೇ. ಆಮೇಲೆ ಏನಾಯಿತು ಅನ್ನೋದು ಸರ್ವರ್‌ನ ಲಾಗ್‌ನಲ್ಲಿ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯಲ್ಲಿ, ಇರುತ್ತದೆ. ಅದನ್ನು ತೆಗೆದು ನೋಡುವವರೇ ಇಲ್ಲ.

ಗಂಗಾವತಿಯ ಅಕ್ಕಿ ಮಿಲ್ಲುಗಳ ಕಂಪ್ಯೂಟರ್ ಕೆಲಸ ನನ್ನದು, ಹಾಗಾಗಿ ಇದು ದಿನಾ ಕಣ್ಣಿಗೆ ಬೀಳುವ ವಿಷಯ. ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಕಳಿಸುವ ಸಾಫ್ಟ್‌ವೇರ್ ಇರುವ ಸರ್ವರ್ ಆದರೆ ಮೇಲ್ ಲಾಗ್‌ನಲ್ಲಿ ವಿಳಾಸ ಹಾಕಿ ಗ್ರೆಪ್ (ಹುಡುಕುವ ಕಮಾಂಡ್) ಮಾಡಿದರೆ ಸಾಕು. ಯಾರಿಗೆ ಹೋಯಿತು, ಎಷ್ಟು ಹೊತ್ತಿಗೆ, ಆ ಕಡೆಯ ಸರ್ವರ್ ಏನು ಹೇಳಿತು, ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ‘ಸ್ಟೇಟಸ್=ಬೌನ್ಸ್ಡ್’ (ವಾಪಸ್ ಬಂದಿದೆ) ಅಂತಿದ್ದು ಪಕ್ಕದಲ್ಲಿ 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ ಅಂತ. ಬಹುಪಾಲು ಟೈಪ್ ಮಾಡುವಾಗ ಒಂದಕ್ಷರ ತಪ್ಪಿರುತ್ತದೆ. 5.7.26 ಅಂತಿದ್ದರೆ ತಪ್ಪು ಕಳಿಸಿದವರ ಕಡೆಯದೇ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ, ಮೇಲ್ ನಿಜಕ್ಕೂ ಆ ಸಂಸ್ಥೆಯದೇ ಅಂತ ಖಾತ್ರಿ ಮಾಡುವ ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದೂ ಸರಿ ಇಲ್ಲದ ಮೇಲ್‌ಗಳನ್ನು ಜಿಮೇಲ್ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಅಂಥ ಮೇಲ್‌ಗೆ ಪಾಪ ಹುಡುಗರು ಸ್ಪ್ಯಾಮ್ ಹುಡುಕಿ ಏನು ಪ್ರಯೋಜನ?

‘ಡಿಫರ್ಡ್’ ಅನ್ನೋದು ಇನ್ನೂ ಮೋಸದ್ದು. ಕೋಡ್ 4ರಿಂದ ಶುರುವಾದರೆ ಅಡಚಣೆ ತಾತ್ಕಾಲಿಕ ಅಂತ. ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ಪೋಸ್ಟ್‌ಫಿಕ್ಸ್ 5 ದಿನದವರೆಗೆ ಬಿಡುವುದಿಲ್ಲ. ಅಷ್ಟರಲ್ಲಿ ಸಂದರ್ಶನ ಮುಗಿದು ಬೇರೆಯವರು ಕೆಲಸಕ್ಕೆ ಸೇರಿರುತ್ತಾರೆ, ಅಲ್ವಾ?

ಇದಕ್ಕೆ ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಪಿಎಫ್‌ಲಾಗ್‌ಸಮ್ ಅನ್ನೋ ಪುಕ್ಕಟೆ ಕಮಾಂಡ್ ಇದೆ. ಬೆಳಿಗ್ಗೆ ಬಂದ ಕೂಡಲೇ ‘ಯೆಸ್ಟರ್ಡೇ’ ಅಂತ ಹಾಕಿ ಓಡಿಸಿದರೆ ನಿನ್ನೆ ಎಷ್ಟು ಮೇಲ್ ತಲುಪಿದವು, ಎಷ್ಟು ಸಿಕ್ಕಿಕೊಂಡಿವೆ, ಯಾವುದು ಯಾಕೆ ವಾಪಸ್ ಬಂತು ಅಂತ ಪಟ್ಟಿ ಬರುತ್ತದೆ. ಮೇಲಿನ ಮೊತ್ತ ನೋಡಿ ಸುಮ್ನೆ ಮುಚ್ಚಬೇಡಿ, ಕೆಳಗಿನ ಬೌನ್ಸ್ ವಿವರ ಓದಿ, ಮೇಲ್ ತಲುಪದವರಿಗೆ ಒಂದು ಫೋನ್ ಮಾಡಿ. ಹತ್ತು ನಿಮಿಷದ ಕೆಲಸ.

ಹಾಗಂತ ಲಾಗ್‌ನಲ್ಲಿ ‘ಸೆಂಟ್’ ಅಂತಿದ್ದರೂ ಇನ್‌ಬಾಕ್ಸ್‌ಗೇ ಬಿತ್ತು ಅಂತಲ್ಲ. ಆ ಕಡೆಯ ಸರ್ವರ್ ಒಪ್ಪಿಕೊಂಡಿದೆ ಅಂತ ಮಾತ್ರ. ಆಗ ಬೇಕಾದರೆ ‘ಸ್ಪ್ಯಾಮ್ ನೋಡಿ’ ಅನ್ನಿ, ಒಪ್ಪೋಣ.

ಉದ್ಯೋಗದ, ಪರೀಕ್ಷೆಯ ಮೇಲ್ ಕಳಿಸುವ ಸಂಸ್ಥೆಗಳಿಗೆ ನನ್ನ ಕೋರಿಕೆ ಇಷ್ಟೇ. ಕೇಳಿದವರಿಗೆ ಅವರ ವಿಳಾಸದ ಆ ಒಂದು ಸಾಲು ಕೊಡಿ. ಇಡೀ ಲಾಗ್ ಬೇಡ, ಅದರಲ್ಲಿ ಬೇರೆಯವರ ವಿಳಾಸಗಳೂ ಇರುತ್ತವೆ. ಕೇಳುವವರೂ ತಡ ಮಾಡಬೇಡಿ, ಎಷ್ಟೋ ಸರ್ವರ್‌ಗಳಲ್ಲಿ ಹಳೆಯ ಲಾಗ್ ನಾಲ್ಕೈದು ವಾರಕ್ಕೆ ತಾನಾಗೇ ಅಳಿಸಿಹೋಗುತ್ತದೆ.

– ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ