ನೀರಿಗೆ ಸೊನ್ನೆ ಕೊಟ್ಟವರು

ಪುಟ್ಟೀ,

ಇವತ್ತು ಗುಳ್ಳ ಬದನೆ ಕೊಯ್ಯುವಾಗ ನಿನ್ನದೇ ನೆನಪು. ಒಂದು ಕಾಯಿ ದುಂಡಗೆ, ಎಳೆ ಹಸಿರು, ನೋಡಲು ಎಷ್ಟು ಚಂದ ಇತ್ತು. ಬೋಳುಹುಳಿಗೆಂದು ಅಮ್ಮ ಹೆಚ್ಚಿದರೆ ಒಳಗೆ ಹುಳ. ಸುತ್ತಲೂ ಕಂದು ಬಣ್ಣದ ಸುರಂಗ. ಮಟ್ಟುವಿನಲ್ಲಿ ಮೂವತ್ತು ವರ್ಷ ಗುಳ್ಳ ಬೆಳೆದ ನನಗೇ ಎಷ್ಟೋ ಸಲ ಹೆಚ್ಚದೆ ಒಳಗಿನದು ತಿಳಿಯುವುದಿಲ್ಲ.

ಸೋಮವಾರದಿಂದ ನೀನು ಮಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಡ್ಯೂಟಿಗೆ ಹೋಗುತ್ತೀಯಲ್ಲ, ಆ ಯಂತ್ರ ಮಾಡಿದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ನಿನ್ನ ಪುಸ್ತಕದಲ್ಲಿ ಅದು ಬರೀ ಒಂದು ಅಳತೆಯ ಹೆಸರು. ನನಗೆ ಅವರು ನಮ್ಮಂಥದೇ ಮನೆಯ ಹುಡುಗನಾಗಿ ಕಂಡರು. ಹುಟ್ಟಿದ್ದು 1919ರಲ್ಲಿ, ಇಂಗ್ಲೆಂಡಿನ ನ್ಯೂಆರ್ಕ್‌ನಲ್ಲಿ. ಅಪ್ಪನದು ಬೇಸಾಯ, ಐವರು ಮಕ್ಕಳಲ್ಲಿ ಇವರೇ ಕಿರಿಯರು. ತಾನೇ ಮಾಡಿದ ರೆಕ್ಕೆ ಹಿಡಿದು ಹುಲ್ಲಿನ ಕುತ್ರಿ ಮೇಲಿಂದ ಹಾರುತ್ತಿದ್ದರಂತೆ. ನೀನು ಕೊಡೆ ಬಿಡಿಸಿಕೊಂಡು ನಮ್ಮ ಕುತ್ರಿಯಿಂದ ಹಾರಿದ್ದು ನೆನಪಿದೆಯಾ?

ಯುನಿವರ್ಸಿಟಿ ಡಿಗ್ರಿ ಇರಲಿಲ್ಲ. ಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ರೇಡಾರ್ ಕೆಲಸ, ಆಮೇಲೆ ಇಎಂಐ ಕಂಪನಿ. ಒಮ್ಮೆ ಹಳ್ಳಿ ಕಡೆ ತಿರುಗಾಡುವಾಗ ಹೊಳೆಯಿತಂತೆ: ಮುಚ್ಚಿದ ಪೆಟ್ಟಿಗೆಯನ್ನು ಎಲ್ಲ ದಿಕ್ಕಿನಿಂದ ಎಕ್ಸ್‌ರೇ ಹಾಯಿಸಿ ಅಳೆದರೆ, ಬಿಚ್ಚದೆಯೇ ಒಳಗಿರುವುದು ತಿಳಿಯಬೇಕಲ್ವಾ?

ಒಂದು ಲೇತ್ ಯಂತ್ರದ ಮೇಲೆ ಪ್ರಯೋಗ ಶುರು. ಸ್ವಲ್ಪ ಸರಿಸುವುದು, ಅಳೆಯುವುದು, ಒಂದು ಡಿಗ್ರಿ ತಿರುಗಿಸುವುದು, ಮತ್ತೆ ಅಳೆಯುವುದು. ಒಂದೇ ಒಂದು ಚಿತ್ರಕ್ಕೆ 28,000 ಅಳತೆ, 9 ದಿನ! ಆ ಲೆಕ್ಕ ಬಿಡಿಸಲು ಕಂಪ್ಯೂಟರಿಗೆ ಎರಡೂವರೆ ಗಂಟೆ. ಒಂಬತ್ತನೇ ದಿನದ ಹೊತ್ತಿಗೆ ಅವರ ಮನಸ್ಸು ಹೇಗಿದ್ದಿರಬಹುದು ಎಂದು ನಾನು ತುಂಬಾ ಯೋಚಿಸಿದೆ. ಬೀಜ ಹಾಕಿ ಮೊಳಕೆ ಕಾಯುವವರಿಗೆ ಗೊತ್ತಾಗುತ್ತದೆ ಅದು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನ ಆಸ್ಪತ್ರೆಯಲ್ಲಿ ಮೊದಲ ರೋಗಿ, ಒಬ್ಬ ಹೆಂಗಸು. ಮೆದುಳಿನಲ್ಲಿ ಗಡ್ಡೆ ಇರುವುದು ಚಿತ್ರದಲ್ಲಿ ಕಂಡಿತು. ಆಪರೇಷನ್ ಮಾಡಿ ನೋಡಿದರೆ ಚಿತ್ರದಲ್ಲಿದ್ದ ಹಾಗೆಯೇ ಇತ್ತು. 1979ರಲ್ಲಿ, ಇದೇ ಲೆಕ್ಕದ ಗಣಿತವನ್ನು ಬೇರೆಯಾಗಿ ಕಂಡುಕೊಂಡಿದ್ದ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಮದುವೆಯಾಗಲಿಲ್ಲ. 2004ರಲ್ಲಿ ತೀರಿಕೊಂಡರು.

ನಿನ್ನ ಅಜ್ಜ ತೆಂಗಿನ ಮರದಿಂದ ಬಿದ್ದದ್ದು 1981ರಲ್ಲಿ. ಹೊರಗೆ ಒಂದು ಗೀರೂ ಇರಲಿಲ್ಲ. ಎದ್ದು ಕೂತರು, ನೀರು ಕೇಳಿದರು, ನನ್ನ ಹತ್ತಿರ ಮಾತೂ ಆಡಿದರು. ರಾತ್ರಿ ಎಚ್ಚರ ತಪ್ಪಿತು. ಆಸ್ಪತ್ರೆಯಲ್ಲಿ ಕಾದು ನೋಡೋಣ ಎಂದರು. ಮೂರನೇ ದಿನ ಬೆಳಗಿನ ಜಾವ ಹೋದರು. ಆಗ ಹೌನ್ಸ್‌ಫೀಲ್ಡರಿಗೆ ನೊಬೆಲ್ ಬಂದು ಎರಡು ವರ್ಷ. ಲೋಕದಲ್ಲಿ ಆ ಯಂತ್ರ ಇತ್ತು. ನಮ್ಮ ಕೈಗೆ ಎಟುಕುವಲ್ಲಿ ಇರಲಿಲ್ಲ, ಅಷ್ಟೇ.

ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆ. ಎಕ್ಸ್‌ರೇಯನ್ನು ಯಾವುದು ಎಷ್ಟು ತಡೆಯುತ್ತದೆ ಎನ್ನುವ ಆ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮೆದುಳು ಮೂವತ್ತು ನಲವತ್ತರ ಹತ್ತಿರ. ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಅದಕ್ಕಿಂತ ಜಾಸ್ತಿ, ಹಾಗಾಗಿ ಬೆಳ್ಳಗೆ ಕಾಣುತ್ತದೆ ಎಂದೆ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದೆ. ನಾನು ಸುಮ್ನೆ ಎದ್ದು ತೋಟಕ್ಕೆ ಹೋದೆನಲ್ಲ, ನಿನ್ನ ಮೇಲೆ ಬೇಜಾರಾಗಿ ಅಲ್ಲ. ಆ ಬಿಳಿ ಮಚ್ಚೆಯನ್ನು ನಾನು ನೋಡಿದ್ದು ಅದೇ ಮೊದಲು.

ರಾತ್ರಿ ಡ್ಯೂಟಿಯಲ್ಲಿ ಅಂಥದ್ದು ಕಂಡರೆ ಗಂಟೆ ಎಷ್ಟು ಎಂದು ನೋಡಬೇಡ, ಡಾಕ್ಟರನ್ನು ಕರೆ. ಹೊರಗೆ ಬೆಂಚಿನ ಮೇಲೆ ಒಂಬತ್ತು ವರ್ಷದ ಹುಡುಗ ಯಾರಾದರೂ ಕೂತಿದ್ದರೆ ಹತ್ತಿರ ಹೋಗು. ಒಳಗೆ ಏನು ನಡೆಯುತ್ತಿದೆ ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳು. ನನಗೆ ಅವತ್ತು ಯಾರೂ ಹೇಳಲಿಲ್ಲ.

ಶನಿವಾರದ ಬಸ್ಸಿನಲ್ಲಿ ಗುಳ್ಳ ಕಳಿಸುತ್ತೇನೆ. ರೂಮಿನವರಿಗೂ ಕೊಡು.

ನಿನ್ನ
ಅಪ್ಪ