ನಿಲ್ಲಬೇಡಿ ಅನ್ನುವ ಬದಲು ನಿಲ್ಲೋಕೆ ಜಾಗ ಮಾಡಿಕೊಡಿ

ಇವರಿಗೆ,
ಹೆದ್ದಾರಿ ನೋಡಿಕೊಳ್ಳುವ ಅಧಿಕಾರಿಗಳು

ವಿಷಯ: ಮರಳುಗಾಡಿನ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುವ ಜಾಗ ಮತ್ತು ಸುರಕ್ಷತೆ ಬಗ್ಗೆ

ಮಾನ್ಯರೇ,

ನಾವು ಈ ರಸ್ತೆ ಪಕ್ಕದಲ್ಲೇ ಇರುವವರು. ಮಕ್ಕಳು ಸ್ಕೂಲಿಗೆ ಹೋಗುವುದು ಇದರಲ್ಲೇ, ನೀರಿನ ಟ್ಯಾಂಕರ್ ಬರುವುದೂ ಇದರಲ್ಲೇ. ದೂರದಿಂದ ಬರುವವರಿಗೆ ಮಾತ್ರ ಇದು ನೋಡಿಕೊಂಡು ಹೋಗುವ ರಸ್ತೆ.

ಮೊದಲು ದಿಬ್ಬದ ಕಥೆ ಕೇಳಿ. ನೆತ್ತಿ ದಾಟಿದ ಕೂಡಲೇ ಮರಳಿನ ದಿಣ್ಣೆಗಳೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಚೆಂದ ಇದೆ, ನಾವೇನು ಇಲ್ಲ ಅನ್ನುವುದಿಲ್ಲ. ಅದಕ್ಕೇ ಬಂದವರೆಲ್ಲ ಅಲ್ಲೇ ಬ್ರೇಕ್ ಹಾಕುತ್ತಾರೆ. ಪಕ್ಕಕ್ಕೆ ಇಳಿಸಿದರೆ ಚಕ್ರ ಹೂತುಕೊಳ್ಳುತ್ತದೆ ಅಂತ ಅವರಿಗೂ ಗೊತ್ತು, ಹಾಗಾಗಿ ಅರ್ಧ ಗಾಡಿ ಡಾಂಬರಿನ ಮೇಲೇ ಇರುತ್ತದೆ, ಹಿಂದೆ ಬರುವವರಿಗೆ ನೆತ್ತಿಗೆ ಬರುವ ತನಕ ಅದು ಕಾಣುವುದೇ ಇಲ್ಲ. ಗಂಟೆಗೆ 100 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 28 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 40 ಮೀಟರ್ ಮುಗಿದಿರುತ್ತದೆ.

ಈ ಪತ್ರ ಬರೆಯುತ್ತಿರುವ ನಾನೇ ಒಂದು ಸಂಜೆ ಪಿಕಪ್‌ನಲ್ಲಿ ನೀರಿನ ಡ್ರಮ್ ಹಾಕಿಕೊಂಡು ನೆತ್ತಿ ದಾಟಿದೆ. ಎದುರಿಗೆ ಬಿಳಿ ಕಾರು, ಎರಡೂ ಬಾಗಿಲು ತೆರೆದಿವೆ, ಹಳದಿ ಗೆರೆ ಮೇಲೆ ಒಂದು ಟ್ರೈಪಾಡ್. ಚಿಕ್ಕ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದಳು. ಗಾಡಿ ನಿಂತಿತು, ಆದರೆ ಡ್ರಮ್ಮಿನ ನೀರೆಲ್ಲ ಮುಂದಕ್ಕೆ ಚೆಲ್ಲಿ ನನ್ನ ಬೆನ್ನು ಒದ್ದೆಯಾಯಿತು. ಕೈ ನಡುಕ ನಿಲ್ಲೋಕೆ ಜಾಸ್ತಿ ಹೊತ್ತೇ ಬೇಕಾಯಿತು.

ಅಲ್ಲಿ 'ನಿಲ್ಲಿಸಬೇಡಿ' ಅಂತ ಬೋರ್ಡ್ ಇದೆ. ಜನ ಅದಕ್ಕೇ ಒರಗಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಬೋರ್ಡ್ ಹಾಕಿದರೂ ಸುಮ್ನೆ ವ್ಯರ್ಥ. ನೆತ್ತಿಯಿಂದ ಸಾಕಷ್ಟು ಮುಂದೆ, ಎರಡೂ ದಿಕ್ಕಿನಿಂದ ದೂರಕ್ಕೇ ಕಾಣುವ ಕಡೆ, ಎರಡೂ ಬದಿಗೆ ಗಟ್ಟಿ ನೆಲದ ನಿಲ್ದಾಣ ಮಾಡಿಕೊಡಿ. 'ಫೋಟೋಗೆ ಜಾಗ ಮುಂದಿದೆ' ಅಂತ ದಿಬ್ಬ ಹತ್ತುವ ಮೊದಲೇ ಬರೆಸಿ. ಮುಂದೆ ಜಾಗ ಸಿಗುತ್ತದೆ ಅಂತ ಗೊತ್ತಾದರೆ ಹೆಚ್ಚಿನವರು ಕಾಯುತ್ತಾರೆ, ಅಲ್ವಾ?

ಧೂಳುಗಾಳಿ ಎದ್ದಾಗಲೂ ಇದೇ ಜಾಗ ಬೇಕು. ಮುಂದೇನೂ ಕಾಣದಿದ್ದರೆ ರಸ್ತೆ ಬಿಟ್ಟು ಪೂರ್ತಿ ಇಳಿಯಬೇಕು, ಲೈಟ್ ಆರಿಸಬೇಕು, ಬ್ರೇಕಿನಿಂದಲೂ ಕಾಲು ತೆಗೆಯಬೇಕು. ಲೈಟ್ ಉರಿಯುತ್ತಿದ್ದರೆ ಹಿಂದಿನವನು ರಸ್ತೆ ಅಲ್ಲೇ ಇದೆ ಅಂದುಕೊಂಡು ಬಂದು ಗುದ್ದುತ್ತಾನೆ. ಆದರೆ ಇಳಿಯೋದೆಲ್ಲಿಗೆ?

ಗಾಳಿ ನಿಂತ ಮೇಲೆ ಡಾಂಬರಿನ ಮೇಲೆ ತೆಳ್ಳಗೆ ಮರಳು ಕೂತಿರುತ್ತದೆ. ತಿರುವಿನಲ್ಲಿ ಬೈಕ್ ಜಾರೋಕೆ ಅಷ್ಟು ಸಾಕು. ಅದನ್ನು ಗುಡಿಸೋಕೆ ಯಾರಿಗೆ ಫೋನ್ ಮಾಡಬೇಕು ಅಂತಾದರೂ ತಿಳಿಸಿ.

ಹಳ್ಳ ರಸ್ತೆಯನ್ನು ದಾಟುವ ತಗ್ಗಿನದು ಬೇರೆ ತೊಂದರೆ. ಇಲ್ಲಿ ಬಿಸಿಲಿರುತ್ತದೆ, ಮಳೆ ದೂರದ ಗುಡ್ಡದಲ್ಲಿ ಬಿದ್ದಿರುತ್ತದೆ, ನೀರು ಹೇಳದೇ ಕೇಳದೇ ಬರುತ್ತದೆ. 30 ಸೆಂಟಿಮೀಟರ್ ನೀರು ಹರಿಯುತ್ತಿದ್ದರೂ ಸಣ್ಣ ಕಾರು ತೇಲಬಹುದು. ಅಳತೆ ಕಂಬ ನೆಡಿಸಿ, ನೀರು ಬಂದಾಗ ಮುಚ್ಚೋಕೆ ಗೇಟ್ ಹಾಕಿಸಿ.

ಫೋನ್ ಸಿಗ್ನಲ್ ಇಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಿಲ್ದಾಣಗಳಲ್ಲಿ ತುರ್ತು ಫೋನ್ ಬೇಕು, ಜೊತೆಗೆ ಪ್ರತಿ ಕಿಲೋಮೀಟರಿಗೂ ದೊಡ್ಡ ನಂಬರ್ ಇರುವ ಕಲ್ಲು. 'ಎಲ್ಲಿದ್ದೀರಿ' ಅಂತ ಆಂಬುಲೆನ್ಸಿನವರು ಕೇಳಿದರೆ 'ಸುತ್ತ ಮರಳಿದೆ' ಅಂತ ಹೇಳೋಕಾಗುತ್ತಾ?

ಅಳತೆ ಮಾಡೋಕೆ ಬರುವುದಾದರೆ ದಯವಿಟ್ಟು ಸಂಜೆ ಬನ್ನಿ, ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ. ಬಿಸಿಲು ಎದುರಿಗೆ ಹೊಡೆಯುತ್ತಿರುತ್ತದೆ, ನೆತ್ತಿ ಮೇಲೆ ಸಾಲಾಗಿ ಕಾರುಗಳೂ ನಿಂತಿರುತ್ತವೆ. ನಾವೂ ಜೊತೆಗೆ ಬರುತ್ತೇವೆ.

ಇಂತಿ,
ರಸ್ತೆ ಪಕ್ಕದ ನಿವಾಸಿಗಳು